ಡ್ರಿಲ್ ಬ್ಯಾಟರಿಯಿಂದ ಸೋಲ್ಡರಿಂಗ್: ನನ್ನ ಅನುಭವ

ಕಲಬುರಗಿಯಲ್ಲಿ ನನ್ನಂಥ ಆಟೋ ಎಲೆಕ್ಟ್ರಿಷಿಯನ್‌ಗೆ ವರ್ಷವಿಡೀ ಕೆಲಸ ಕೊಡುವುದು ಇಲಿ. ದಾಲ್ ಮಿಲ್ ಪಕ್ಕ, ತೊಗರಿ ಗೋದಾಮಿನ ಪಕ್ಕ ಹದಿನೈದು ದಿನ ನಿಂತ ಕಾರಿನ ಬಾನೆಟ್ ಎತ್ತಿದರೆ ಸಾಕು, ವೈರಿಂಗ್ ಚೂರು ಚೂರು. ಗಾಡಿ ಸ್ಟಾರ್ಟ್ ಆಗುವುದಿಲ್ಲ, ಅಂಗಡಿಗೆ ಬರುವುದಿಲ್ಲ, ನಾವೇ ಹೋಗಬೇಕು. ಹೋದಲ್ಲಿ ಪ್ಲಗ್ ಪಾಯಿಂಟ್ ಇರುವುದಿಲ್ಲ. ಇದ್ದರೆ ಆ ಹೊತ್ತಿಗೆ ಕರೆಂಟ್ ಇರುವುದಿಲ್ಲ. ಹಾಗಾಗಿ ಮೂರು ವರ್ಷ ವೈರಿಲ್ಲದ ಸೋಲ್ಡರಿಂಗ್ ಐರನ್ ಹಿಂದೆ ಬಿದ್ದೆ. ಸುಮಾರು ಹನ್ನೊಂದು ಸಾವಿರ ಖರ್ಚಾಯಿತು, ಅದರಲ್ಲಿ ಆರು ಸಾವಿರ ಹೊಳೆಗೆ ಹಾಕಿದ ಹಾಗೇ ಆಯಿತು.

ಮೊದಲು ತಂದದ್ದು ನಾಲ್ಕು ಪೆನ್ಸಿಲ್ ಸೆಲ್ ಹಾಕುವುದು, 400 ರೂಪಾಯಿ. ಸೆನ್ಸರ್‌ನ 0.5 ಚದರ ಮಿ.ಮೀ. ವೈರಿಗೆ ನಡೆಯಿತು. ಹಾರ್ನ್ ಲೈನಿನ 1.5ಕ್ಕೆ ಹಿಡಿದರೆ ಸೋಲ್ಡರ್ (ಕರಗಿಸಿ ಬೆಸೆಯುವ ತವರದ ತಂತಿ) ಐರನ್ನಿನ ಬಿಸಿ ತುದಿಯಾದ ಬಿಟ್‌ಗೇ ಅಂಟಿ ಕೂತಿತು. ಆಮೇಲೆ 600ಕ್ಕೆ ಯುಎಸ್‌ಬಿಯದು ತಂದೆ, ಅದು 8 ವ್ಯಾಟ್. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಮೂರನೆಯದು ಗ್ಯಾಸಿಂದು, 2,200. ಇದರ ಮೇಲೆ ಬಹಳ ಆಸೆ ಇಟ್ಟಿದ್ದೆ. ಕಾವಿಗೆ ಕೊರತೆ ಇಲ್ಲ, ಒಂದು ನಿಮಿಷದೊಳಗೆ ತಯಾರ್. ಆದರೆ ಉರಿದ ಬಿಸಿ ಗಾಳಿ ಬಿಟ್‌ನ ಬುಡದ ಕಿಂಡಿಯಿಂದ ಹೊರಬರುತ್ತದೆ. ಒಂದು ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಒಂದು ಜೋಡಣೆ ಮಾಡುವಷ್ಟರಲ್ಲಿ ಪಕ್ಕದ ಮೂರು ವೈರಿನ ಮೇಲಿನ ಪಿವಿಸಿ ಮೇಣದಂತೆ ಜಾರಿತ್ತು. ಆ ಮೂರನ್ನೂ ನನ್ನ ಖರ್ಚಿನಲ್ಲೇ ಬದಲಿಸಿಕೊಟ್ಟೆ, ಒಂದು ಇಡೀ ದಿನ ಹೋಯಿತು. ಗ್ಯಾಸ್ ಡಬ್ಬಿಗೂ ಅಲ್ಲಿಯವರೆಗೆ ಆರುನೂರು ಸುರಿದಿದ್ದೆ. ಅಷ್ಟಲ್ಲದೆ ನಮ್ಮ ಮೇ ತಿಂಗಳ 43 ಡಿಗ್ರಿ ಬಿಸಿಲಲ್ಲಿ ಆ ಡಬ್ಬಿಯನ್ನು ಬೈಕಿನ ಬ್ಯಾಗಿನಲ್ಲಿಟ್ಟು ತಿರುಗಲು ಮನಸ್ಸು ಒಪ್ಪಲಿಲ್ಲ. ಪೆಟ್ರೋಲ್ ಲೈನಿನ ಹತ್ತಿರವಂತೂ ಅದನ್ನು ಹಚ್ಚಲೇಬಾರದು.

ಇಷ್ಟರಲ್ಲಿ ಒಂದು ವಿಷಯ ಕೈಗೆ ಗೊತ್ತಾಗಿತ್ತು. ಜಾಸ್ತಿ ಕಾವಿನ ಐರನ್ ವೈರ್ ಸುಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಕಂಡಿದ್ದು ಉಲ್ಟಾ. ಕಾವು ಕಡಿಮೆ ಇದ್ದರೆ ಹತ್ತು ಹದಿನೈದು ಸೆಕೆಂಡ್ ಹಿಡಿದೇ ಕೂರಬೇಕು. ಅಷ್ಟರಲ್ಲಿ ಪಿವಿಸಿ ಹಿಂದಕ್ಕೆ ಸರಿಯುತ್ತದೆ, ಸೋಲ್ಡರ್ ಎಳೆಗಳ ಸಂದಿಯಲ್ಲಿ ಒಂದು ಇಂಚು ಒಳಗೆ ಏರುತ್ತದೆ. ಏರಿದಷ್ಟೂ ಉದ್ದ ವೈರ್ ಕಡ್ಡಿಯ ಹಾಗೆ ಸೆಟೆಯುತ್ತದೆ, ಇಂಜಿನ್ ನಡುಕಕ್ಕೆ ಸರಿಯಾಗಿ ಸೋಲ್ಡರ್ ಮುಗಿಯುವ ಜಾಗದಲ್ಲೇ ಮುರಿಯುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಮುಗಿಸುವ ಐರನ್ನೇ ವೈರನ್ನು ಉಳಿಸುತ್ತದೆ.

ಪೈನ್‌ಸಿಲ್ ಅನ್ನುವ, ಡಿಸಿ ಕರೆಂಟಿನ ಮೇಲೆ ಓಡುವ ಚಿಕ್ಕ ಐರನ್ ತರಿಸಿದ್ದು ಆಮೇಲೆ. ಕಸ್ಟಮ್ಸ್ ಎಲ್ಲ ಸೇರಿ ನಾಲ್ಕೂವರೆ ಸಾವಿರ ಬಿತ್ತು. ನನಗೆ ಕೆಲಸ ಕಲಿಸಿದ ಉಸ್ತಾದ್ ಅದನ್ನು ಕೈಯಲ್ಲಿ ಹಿಡಿದು, "ಪೆನ್ ಇದ್ದಂಗ ಅದಾ. ಯಾಕ್ ರೊಕ್ಕ ಹಾಳ್ ಮಾಡ್ಲತ್ತೀ ತಮ್ಮಾ?" ಅಂದರು. ಮೊದಲ ದಿನ ಅವರ ಮಾತೇ ಖರೆ ಆಯಿತು. ಕಾರಿನ ಬ್ಯಾಟರಿಗೇ ಕ್ಲಿಪ್ ಹಚ್ಚಿ ಓಡಿಸಿದೆ, 2.5ರ ವೈರ್ ಬೆಸೆಯಲಿಲ್ಲ. ಉಸ್ತಾದ್ ಏನೂ ಅನ್ನಲಿಲ್ಲ, ಚಹಾ ತರಿಸಿದರು.

ರಾತ್ರಿ ಕೂತು ಲೆಕ್ಕ ಹಾಕಿದೆ. ಬಿಟ್ ಸುಮಾರು 8 ಓಮ್. 12 ವೋಲ್ಟ್ ಕೊಟ್ಟರೆ ಬರುವುದು 18 ವ್ಯಾಟ್. ಅದೇ 20 ವೋಲ್ಟ್ ಕೊಟ್ಟರೆ 50. ಐರನ್ ತಪ್ಪಲ್ಲ, ಊಟ ಸಾಲಲಿಲ್ಲ. ಅದೂ ಅಲ್ಲದೆ ಕೆಲಸಕ್ಕೆ ಮೊದಲು ಗಾಡಿಯ ನೆಗೆಟಿವ್ ಕಳಚಲೇಬೇಕು. ಕಳಚಿದ ಬ್ಯಾಟರಿಯ ಮೇಲೆ ಬಿಸಿ ಐರನ್ ನೇತುಹಾಕಿಕೊಂಡು ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಪಕ್ಕ ಕೂರುವುದು ನನಗೆ ಸರಿ ಕಾಣಲಿಲ್ಲ. ನನ್ನ ಪವರ್ ಬ್ಯಾಂಕ್ ಹಚ್ಚಿ ನೋಡಿದೆ, ಅದೂ 12 ವೋಲ್ಟಿನ ಮೇಲೆ ಹತ್ತಲಿಲ್ಲ.

20 ವೋಲ್ಟ್ ಎಲ್ಲಿದೆ ಅಂತ ಹುಡುಕಿದರೆ ಮೂಲೆಯಲ್ಲೇ ಇತ್ತು, ಡ್ರಿಲ್ ಮೆಷಿನ್ನಿನ ಬ್ಯಾಟರಿ. ಮೇಲೆ ಬರೆದದ್ದು 18 ವೋಲ್ಟ್, ಒಳಗೆ ಐದು ಸಾಲು ಸೆಲ್, ಫುಲ್ ಚಾರ್ಜಿಗೆ 21ರವರೆಗೆ ಬರುತ್ತದೆ. ಪೈನ್‌ಸಿಲ್ 24ರವರೆಗೆ ತಡೆಯುತ್ತದೆ. ಬ್ಯಾಟರಿ ಕೂರುವ ಕ್ಲಿಪ್, ನಡುವೆ 5 ಆಂಪ್ ಬ್ಲೇಡ್ ಫ್ಯೂಸ್, ತುದಿಗೆ ಐರನ್ನಿನ ಪಿನ್. ಕೇಬಲ್ ಮಾತ್ರ ಸಿಲಿಕೋನಿಂದೇ ಇರಲಿ. ಮೊದಲು ಹಾಕಿದ್ದ ಸಾದಾ ಕೇಬಲ್ ಐರನ್ ತಾಗಿ ಎರಡೇ ದಿನಕ್ಕೆ ಸುಟ್ಟಿತು. ಎಲ್ಲ ಸೇರಿ 600 ರೂಪಾಯಿ. ಕ್ಲಿಪ್ ಹೇಗೆ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾಲ್ಕು ಸಲ ತಲೆ ಕೆಡಿಸಿಕೊಂಡಿದ್ದೇನೆ.

ಆದರೂ ಒಂದು ದೊಡ್ಡ ಪೆಟ್ಟು ತಿಂದೆ. ನನ್ನ ಬ್ಯಾಟರಿಯ ಕಟ್-ಆಫ್ (ಚಾರ್ಜ್ ತೀರಾ ಇಳಿದರೆ ತಾನೇ ನಿಲ್ಲಿಸುವುದು) ಇದ್ದದ್ದು ಡ್ರಿಲ್ ಮೆಷಿನ್ನಿನೊಳಗೆ, ಬ್ಯಾಟರಿಯೊಳಗಲ್ಲ. ಐರನ್ ಹೀರುತ್ತಲೇ ಹೋಯಿತು. ಮರುದಿನ ಬೆಳಿಗ್ಗೆ ಚಾರ್ಜರ್ ಅದನ್ನು ಒಪ್ಪಲಿಲ್ಲ, ಎರಡೂವರೆ ಸಾವಿರದ ಬ್ಯಾಟರಿ ಖಲಾಸ್. ಐರನ್ನಿನ ಮೆನುವಿನಲ್ಲಿ ಪವರ್ ಸೋರ್ಸ್ ಅನ್ನುವ ಜಾಗದಲ್ಲಿ 5ಎಸ್ (ಐದು ಸಾಲು ಸೆಲ್) ಇಟ್ಟರೆ 16.5 ವೋಲ್ಟಿಗೆ ತಾನೇ ನಿಲ್ಲುತ್ತದೆ. ಕ್ಲಿಪ್ ಹಚ್ಚುವ ಮೊದಲೇ ಅದನ್ನು ಮಾಡಿ. ಅದೇ ಮೆನುವಿನಲ್ಲಿ ಐರನ್ ಮಲಗುವ (ಸ್ಲೀಪ್) ಟೈಮನ್ನೂ ಹೆಚ್ಚಿಸಿ. ಡ್ಯಾಶ್‌ಬೋರ್ಡ್ ಕೆಳಗೆ ಕೈ ಅಲುಗಾಡಿಸದೆ ಹಿಡಿದಿದ್ದರೆ, ಬಿಟ್ಟು ಹೋದರು ಅಂತ ತಿಳಿದು ಐರನ್ ತಣ್ಣಗಾಗಿಬಿಡುತ್ತದೆ.

ಜೇವರ್ಗಿ ರಸ್ತೆಯಲ್ಲಿ ನಿಂತ ಒಂದು ಪಿಕಪ್ ಮೇಲೆ ಉಸ್ತಾದ್ ಎದುರಿಗೇ ಪರೀಕ್ಷೆ ಆಯಿತು. ಸಂಜೆ ಗಾಳಿ ಜೋರಾಗಿತ್ತು. ಹೆಡ್‌ಲೈಟಿನ 2.5ರ ವೈರ್, ಎಳೆಗಳನ್ನು ಒಂದಕ್ಕೊಂದು ಸುತ್ತಿ ಬಿಗಿದಿದ್ದೆ. ಅಗಲ ಉಳಿ ಬಿಟ್, 370 ಡಿಗ್ರಿ. ಬಿಟ್ ಕೆಳಗಿನಿಂದ ಹಿಡಿದು ಸೋಲ್ಡರನ್ನು ಮೇಲಿನಿಂದ ವೈರಿಗೇ ತಾಗಿಸಿದೆ. ಮೂರನೇ ಸೆಕೆಂಡಿಗೆ ಬೆಳ್ಳಿ ನೀರಿನಂತೆ ಇಳಿಯಿತು, ಒಂದೊಂದು ಎಳೆಯ ಗೆರೆಯೂ ಮೇಲೆ ಕಾಣುವಂತೆ ತೆಳ್ಳಗೆ ಕೂತಿತು. ಪಿವಿಸಿ ಕೂದಲೆಳೆಯಷ್ಟೂ ಸರಿಯಲಿಲ್ಲ. ಉಸ್ತಾದ್ ಎರಡೂ ಕಡೆ ಹಿಡಿದು ಜಗ್ಗಿ ನೋಡಿದರು. "ಗಟ್ಟಿ ಅದಾ. ನಂಗೊಂದು ಮಾಡಿ ಕೊಡು" ಅಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಹತ್ತಿರ ಕೇಳಿ ಪಡೆದದ್ದು ಅದೊಂದೇ.

ಸೋಲ್ಡರ್ 63/37 (63 ಪಾಲು ತವರ, 37 ಪಾಲು ಸೀಸ) ತರುತ್ತೇನೆ. ಅದು 183 ಡಿಗ್ರಿಗೆ ಕರಗಿ ಅಲ್ಲೇ ಗಟ್ಟಿಯಾಗುತ್ತದೆ, ನಡುವೆ ಅಂಬಲಿಯಂತಿರುವ ಹೊತ್ತೇ ಇಲ್ಲ. ಮಲಗಿ ಕೆಲಸ ಮಾಡುವಾಗ ಕೈ ಸ್ವಲ್ಪ ನಡುಗಿದರೂ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಆಗುವುದು ಕಡಿಮೆ. ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟ್ ಯಾವುದು ಅನ್ನುವುದು ನನ್ನಲ್ಲೇ ಇರಲಿ. ಆಸಿಡ್ ಇರುವುದು ಬೇಡ ಅಂತಷ್ಟೇ ಹೇಳುತ್ತೇನೆ, ಮಳೆಗಾಲಕ್ಕೆ ವೈರಿಗೆ ಹಸಿರು ತುಕ್ಕು ಬರುತ್ತದೆ. ಇಲಿಗೆ ತಂಬಾಕು ಪುಡಿ, ನುಸಿಗುಳಿಗೆ ಎರಡೂ ಇಟ್ಟು ನೋಡಿದೆ. ಇಲಿ ನುಸಿಗುಳಿಗೆಯ ಪಕ್ಕದಲ್ಲೇ ಗೂಡು ಕಟ್ಟಿತ್ತು. ಈಗ ಬೆಸೆದ ಜಾಗಕ್ಕೆ ಒಳಗೆ ಅಂಟು ಇರುವ, ಕಾವಿಗೆ ಕುಗ್ಗುವ ಸ್ಲೀವ್, ಮೇಲೆ ಸ್ಟೀಲ್ ಜಾಳಿಗೆ ಹಾಕಿ ಗಾಡಿಯ ಬಾಡಿಯ ಮೇಲೆ ಕ್ಲಾಂಪ್ ಬಿಗಿಯುತ್ತೇನೆ. ಒಂದೂವರೆ ವರ್ಷದಲ್ಲಿ ಇನ್ನೂರರ ಮೇಲೆ ಜೋಡಣೆ ಆಗಿವೆ, ವಾಪಸ್ ಬಂದದ್ದು ಎರಡು, ಎರಡೂ ಕ್ಲಾಂಪ್ ಹಾಕದೇ ಬಿಟ್ಟವು.

4 ಆಂಪ್-ಅವರ್ ಬ್ಯಾಟರಿ ಮೂರು ತಾಸು ಆರಾಮ ಬರುತ್ತದೆ. ಗ್ಯಾಸ್ ಐರನ್ ಇನ್ನೂ ಇದೆ, ಬಿಟ್ ತೆಗೆದು ಬಯಲಲ್ಲಿ ಸ್ಲೀವ್ ಕುಗ್ಗಿಸಲು ಬಳಸುತ್ತೇನೆ. ಸ್ಟಾರ್ಟರ್ ಕೇಬಲಿನ ಲಗ್ (ತುದಿಯ ತಾಮ್ರದ ಬಳೆ) ಮಾತ್ರ ಪೈನ್‌ಸಿಲ್‌ನಿಂದ ಆಗುವುದಿಲ್ಲ, ತಾಮ್ರ ಕಾವನ್ನೆಲ್ಲ ನುಂಗಿಬಿಡುತ್ತದೆ. ಅದಕ್ಕೆ ಈಗಲೂ ಹೈಡ್ರಾಲಿಕ್ ಪ್ರೆಸ್ಸೇ.