ಪುಟ್ಟ ಕ್ಯಾಕ್ಟಸ್ಸಿಗೆ ದಿನಾ ಚಮಚ ನೀರು ಹಾಕ್ಬೇಡಿ

ಹೋದ್ ತಿಂಗಳು ಮೇಲಿನ ಫ್ಲೋರ್ ಹುಡುಗಿ ಒಂದು ಪುಟಾಣಿ ಕ್ಯಾಕ್ಟಸ್ ಹಿಡ್ಕೊಂಡು ಬಂದ್ಲು, ಆಂಟಿ ಇದ್ಯಾಕೋ ವಾಲ್ಕೊಂಡಿದೆ, ದಿನಾ ಒಂದೇ ಒಂದು ಚಮಚ ನೀರು ಹಾಕ್ತಿದ್ದೆ ಅಷ್ಟೇ ಅಂತ. ಚಮಚದ ಹಿಂದಿನ ತುದಿಲಿ ಬುಡ ಒತ್ತಿದ್ರೆ ಕೊಳೆತ ಟೊಮೇಟೊ ಥರ ಒಳಗೆ ಹೋಯ್ತು. ಆ ಚಮಚ ನೀರೇ ಇದನ್ನ ಹಾಳು ಮಾಡಿರೋದು ಕಣಮ್ಮ ಅಂದೆ.

ನೋಡಿ, ಹಾಕೋ ದಿನ ಕುಂಡದ ತೂತಿಂದ ಸುರಿಯೋ ಹಾಗೆ ಹಾಕಿ, ತಟ್ಟೆಲಿ ನಿಂತಿದ್ದು ಚೆಲ್ಲಿ, ಆಮೇಲೆ ಮಣ್ಣು ಪೂರ್ತಿ ಒಣಗೋವರೆಗೂ ಅದರ ತಂಟೆಗೇ ಹೋಗ್ಬೇಡಿ. ಎಷ್ಟು ದಿನಕ್ಕೊಂದ್ಸಲ ಅಂತ ಎಲ್ಲರೂ ಕೇಳ್ತಾರೆ, ನಮ್ಮನೆಲಿ ಏಪ್ರಿಲಲ್ಲಿ ಹತ್ತು ದಿನಕ್ಕೆ ಒಣಗೋ ಕುಂಡ ಡಿಸೆಂಬರ್ ಚಳಿಲಿ ತಿಂಗಳಾದ್ರೂ ಒಣಗಲ್ಲ, ಅದಿಕ್ಕೆ ಕ್ಯಾಲೆಂಡರ್ ನೋಡ್ಬೇಡಿ. ಗ್ಯಾಸ್ ಸಿಲಿಂಡರ್ ಎತ್ತಿ ಖಾಲಿಯಾಗಿದ್ಯಾ ಅಂತ ನೋಡ್ತೀವಲ್ಲ, ಹಾಗೇ ಕುಂಡ ಎತ್ತಿ ನೋಡಿ. ಅನುಮಾನ ಇದ್ರೆ ಪೂಜೆಲಿ ಉರಿದು ಉಳಿದ ಊದುಬತ್ತಿ ಕಡ್ಡಿನ ಕುಂಡದ ಅಂಚಲ್ಲಿ ತಳದವರೆಗೂ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೀರಿ, ಮಣ್ಣು ಅಂಟ್ಕೊಂಡು ಬಂದ್ರೆ ಇನ್ನೂ ಬೇಡ.

ಬರೀ ಕೆಂಪು ಮಣ್ಣು ಹಾಕಿದ್ರೆ ಒಣಗಿದ್ಮೇಲೆ ಇಟ್ಟಿಗೆ ಆಗ್ಬಿಡುತ್ತೆ. ನಾನು ಒಂದು ಪಾಲು ಮಣ್ಣು, ಒಂದು ಪಾಲು ಹಳೇ ಗೊಬ್ಬರ, ಎರಡು ಪಾಲು ದಪ್ಪ ಮರಳು ಹಾಕ್ತೀನಿ, ಮನೆ ಕಟ್ಟೋ ಕಡೆಯಿಂದ ಎಂ ಸ್ಯಾಂಡ್, ಅಂದ್ರೆ ಕಲ್ಲು ಪುಡಿ ಮಾಡಿದ ಮರಳು ತಂದ್ರೆ ಜರಡಿ ಹಿಡಿದು ಧೂಳೆಲ್ಲಾ ತೆಗೀಬೇಕು, ಆ ಧೂಳೇ ನೀರು ಕಟ್ಟಿಹಾಕೋದು. ಫಿಲ್ಟರಲ್ಲಿ ಉಳಿದ ಕಾಫಿ ಚರಟ, ಅಕ್ಕಿ ತೊಳೆದ ನೀರು ಎಲ್ಲಾ ದಾಸವಾಳಕ್ಕೆ ಹಾಕ್ಕೊಳ್ಳಿ, ಇದಕ್ಕೆ ಬೇಡ. ತೂತಿಲ್ಲದ ಪಿಂಗಾಣಿ ಕಪ್ಪಂತೂ ಬೇಡ್ವೇ ಬೇಡ, ಎಷ್ಟೇ ಚೆಂದ ಇರ್ಲಿ.

ಬಿಸಿಲು ನಾಲ್ಕೈದು ಗಂಟೆ ಬೇಕು, ಪೂರ್ವದ ಬಾಲ್ಕನಿ ಇದ್ರೆ ಪುಣ್ಯ. ಟಿವಿ ಪಕ್ಕ ಇಟ್ರೆ ತುದಿ ಸಣ್ಣಗಾಗಿ ಬೆಳಕಿನ ಕಡೆ ಉದ್ದ ಬೆಳಿಯುತ್ತೆ, ಹಾಗಂತ ಒಂದೇ ಸಲ ಟೆರೇಸಿಗೆ ಒಯ್ದು ಇಟ್ರೆ ಸುಟ್ಟು ಕಲೆಯಾಗುತ್ತೆ, ಆ ಕಲೆ ಮತ್ತೆ ಹೋಗಲ್ಲ. ಜೂನಿಂದ ಅಕ್ಟೋಬರ್‌ವರೆಗೂ ಎರಚಲು ಬೀಳದ ಹಾಗೆ ಒಳಗೆ ಸರಿಸಿ.

ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಲ್ಲಿ ಮೇಲೆ ಕೆಂಪು ಚೆಂಡು ಕೂತಿರೋ ಗಿಡ ಸಿಗುತ್ತಲ್ಲ, ಅದು ಎರಡು ಗಿಡ ಸೇರಿಸಿ ಕಸಿ ಮಾಡಿರೋದು. ಕೆಂಪಲ್ಲಿ ಹಸಿರೇ ಇಲ್ಲ, ಊಟ ಪೂರ್ತಿ ಕೆಳಗಿನ ಡ್ರ್ಯಾಗನ್ ಫ್ರೂಟ್ ಜಾತಿದೇ ಕೊಡ್ಬೇಕು, ಬಹಳ ವರ್ಷ ಬಾಳಲ್ಲ ಅಂತ ಗೊತ್ತಿದ್ದೇ ತಗೊಳ್ಳಿ. ಇನ್ನು ಊರಲ್ಲಿ ಬೇಲಿಗೆ ಹಾಕ್ತಿದ್ದ ಹಾಲು ಸುರಿಯೋ ಕಳ್ಳಿ ಕ್ಯಾಕ್ಟಸ್ಸೇ ಅಲ್ಲ, ಬೇರೆ ಕುಟುಂಬ, ಅದರ ಹಾಲು ಕಣ್ಣಿಗೆ ತಾಕಿದ್ರೆ ಕಷ್ಟ, ಹುಷಾರು.

ಮುಳ್ಳಿನ ಸಂದಿಲಿ ಹತ್ತಿ ಥರ ಬೆಳ್ಳಗೆ ಕಂಡ್ರೆ ಹಿಟ್ಟು ತಿಗಣೆ, ಕಿವಿ ಬಡ್ಸನ್ನ ಗಾಯ ಒರೆಸೋ ಸ್ಪಿರಿಟಲ್ಲಿ ಅದ್ದಿ ಒಂದೊಂದನ್ನೇ ಒರೆಸಿ, ಬಿಸಿಲು ಇಳಿದ್ಮೇಲೆ.

ಆ ಹುಡುಗಿ ಗಿಡ ಏನಾಯ್ತು ಅಂದ್ರಾ? ಪೇಪರ್ ಮಡಚಿ ಪಟ್ಟಿ ಮಾಡಿ ಹಿಡ್ಕೊಂಡು, ಸ್ಪಿರಿಟಲ್ಲಿ ಒರೆಸಿದ ಚಾಕುಲಿ ಕಂದು ಕಾಣ್ಸೋದು ನಿಲ್ಲೋವರೆಗೂ ಬಿಲ್ಲೆ ಬಿಲ್ಲೆ ಕೊಯ್ದೆ. ಉಳಿದಿದ್ದು ನಿಂಬೆಹಣ್ಣಿನಷ್ಟು. ಹತ್ತು ದಿನ ನೆರಳಲ್ಲಿ ಒಣಗಿಸಿ ಒಣ ಮರಳ ಮೇಲೆ ಕೂರಿಸಿದೀನಿ, ನಿನ್ನೆ ಎತ್ತಿ ನೋಡಿದ್ರೆ ಒಂದು ಬಿಳೀ ಬೇರು ಇಣುಕಿದೆ. ಅವಳು ಬಂದಾಗೆಲ್ಲಾ ನೀರಿನ ಬಾಟ್ಲು ಒಳಗಿಡ್ತೀನಿ.