ಒಂದು ಅಂಕಿ, ಎರಡು ಮೊದಲಕ್ಷರ: ಇಂಥ ಒಗಟನ್ನು ಇತರರ ನೆರವಿನಿಂದ ಬಿಡಿಸುವ ಬಗೆ

‘7 = ಕಾ. ಬ.’ ಎಂದು ಬರೆದ ಚೀಟಿಯೊಂದನ್ನು ಯಾರಾದರೂ ಕೈಗಿತ್ತರೆ ಅದನ್ನು ‘ಕಾಮನಬಿಲ್ಲಿನ ಬಣ್ಣಗಳು’ ಎಂದು ಓದಬೇಕು. ಎಡಕ್ಕೆ ಎಲ್ಲರೂ ಬಲ್ಲ ಯಾವುದೋ ಒಂದು ಲೆಕ್ಕ, ಬಲಕ್ಕೆ ಆ ಲೆಕ್ಕಕ್ಕೆ ಸಂಬಂಧಿಸಿದ ಪದಗಳ ಮೊದಲಕ್ಷರಗಳು ಮಾತ್ರ. ಇಂಗ್ಲಿಷಿನಲ್ಲಿ ಈ ಬಗೆಯ ಒಗಟು ಹಳೆಯದು. ಅಮೆರಿಕದ ವಿಲ್ ಶಾರ್ಟ್ಜ್ 1981ರಲ್ಲಿ ‘ಗೇಮ್ಸ್’ ಪತ್ರಿಕೆಯಲ್ಲಿ ಇಂಥ 24 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದ ಮೇಲೆ ಅದು ಜೆರಾಕ್ಸ್ ಪ್ರತಿಗಳಾಗಿ ಕೈಯಿಂದ ಕೈಗೆ ಹರಡಿತು. ಅದು ಹಾಗೆ ಹರಡಿದ್ದಕ್ಕೆ ಕಾರಣವಿದೆ. ಪಟ್ಟಿ ಉದ್ದವಾದಷ್ಟೂ ಅದನ್ನು ಒಬ್ಬರೇ ಕೂತು ಪೂರ್ತಿ ಬಿಡಿಸುವುದು ಕಷ್ಟ, ಏಕೆಂದರೆ ಇಲ್ಲಿ ಬೇಕಾಗುವುದು ಬುದ್ಧಿಯ ಚುರುಕಿಗಿಂತ ಹೆಚ್ಚಾಗಿ ಬೇರೆಬೇರೆ ಬದುಕುಗಳಲ್ಲಿ ಹರಡಿಕೊಂಡಿರುವ ನೆನಪು.

ಯಾರನ್ನಾದರೂ ಕೇಳುವ ಮೊದಲು ಕನ್ನಡದಲ್ಲಿ ಈ ಒಗಟಿನ ಸ್ವಭಾವ ಸ್ವಲ್ಪ ಬೇರೆ ಎಂಬುದನ್ನು ಗಮನಿಸಬೇಕು. ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಬಿಡಿಯಾದ ಸಣ್ಣ ಪದಗಳ ಆಸರೆ ಸಿಗುವುದಿಲ್ಲ. ಹೆಚ್ಚಿನ ಒಗಟುಗಳಲ್ಲಿ ಎರಡೋ ಮೂರೋ ಅಕ್ಷರ ಮಾತ್ರ ಇರುತ್ತವೆ. ಅದಕ್ಕೆ ಬದಲಾಗಿ ನಮಗೆ ಕಾಗುಣಿತದ ಲಾಭವಿದೆ: ‘ಕಾ’ ಎಂದಿದ್ದರೆ ಕರ್ನಾಟಕವೂ ಅಲ್ಲ, ಕೌರವರೂ ಅಲ್ಲ. ಆದರೆ ಕೆಲವರು ಒಗಟು ಕಟ್ಟುವಾಗ ದೀರ್ಘವನ್ನೂ ಒತ್ತಕ್ಷರವನ್ನೂ ಬಿಟ್ಟು ಬರಿಯ ‘ಕ’ ಎಂದು ಬರೆಯುವುದುಂಟು. ಆದ್ದರಿಂದ ಪಟ್ಟಿಯಲ್ಲಿ ಸುಲಭವಾದ ಒಂದೆರಡನ್ನು ಮೊದಲು ಬಿಡಿಸಿ, ರಚಿಸಿದವರ ರೂಢಿ ಯಾವುದೆಂದು ತಿಳಿದುಕೊಳ್ಳುವುದು ಒಳ್ಳೆಯದು. ಇನ್ನೊಂದು ಮುಖ್ಯವಾದ ಮಾತೆಂದರೆ, ಎಣಿಸಲ್ಪಡುವ ವಸ್ತು ಕನ್ನಡದಲ್ಲಿ ಸಾಮಾನ್ಯವಾಗಿ ಕೊನೆಯ ಪದವಾಗಿ ಬರುತ್ತದೆ. ಹಾಗಾಗಿ ಕೊನೆಯ ಅಕ್ಷರದಿಂದ ಹಿಂದಕ್ಕೆ ನಡೆಯಬೇಕು. ಕೊನೆಯಲ್ಲಿ ‘ದಿ’ ಇದ್ದರೆ ದಿನಗಳು ಅಥವಾ ದಿಕ್ಕುಗಳು, ‘ಜಿ’ ಇದ್ದರೆ ಬಹುಮಟ್ಟಿಗೆ ಜಿಲ್ಲೆಗಳು, ‘ಅ’ ಇದ್ದರೆ ಅಕ್ಷರ, ಅಧ್ಯಾಯ, ಅಡಿ ಇವುಗಳಲ್ಲೊಂದು.

ಅಂಕಿಯನ್ನು ಮೂರು ರೀತಿಯಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುವುದು ನನ್ನ ಅನುಭವದಲ್ಲಿ ಬಹಳ ಉಪಯುಕ್ತ. ‘ಎಂಟು’ ಎಂದಾಗ ಹೊಳೆಯದಿದ್ದದ್ದು ‘ಅಷ್ಟ’ ಎಂದೊಡನೆ ದಿಕ್ಪಾಲಕರನ್ನೂ ಉಡುಪಿಯ ಮಠಗಳನ್ನೂ ತಾನಾಗಿ ಎಳೆದು ತರುತ್ತದೆ. ‘ಅರವತ್ತಮೂರು’ ಎನ್ನುವ ಬದಲು ‘ಅರವತ್ತಮೂವರು’ ಎಂದರೆ ಶಿವಭಕ್ತರಾದ ಪುರಾತನರು ನೆನಪಾಗುತ್ತಾರೆ.

ಇಷ್ಟಾದ ಮೇಲೂ ಉಳಿದವುಗಳಿಗೆ ಇತರರ ನೆರವು ಬೇಕು, ಮತ್ತು ಅಲ್ಲಿ ಹೆಚ್ಚಿನವರು ಮಾಡುವ ತಪ್ಪು ಇಡೀ ಒಗಟನ್ನು ಒಮ್ಮೆಗೇ ಮುಂದಿಡುವುದು. ಮೊದಲು ಅಕ್ಷರಗಳನ್ನು ಮುಚ್ಚಿಟ್ಟು ಅಂಕಿಯೊಂದನ್ನೇ ಹೇಳಿ. ‘ಇಪ್ಪತ್ತನಾಲ್ಕು ಎಂದರೆ ನಿಮಗೆ ಏನು ನೆನಪಾಗುತ್ತದೆ?’ ಎಂದು ಕೇಳಿದರೆ ಜೈನ ಗೆಳೆಯರು ತೀರ್ಥಂಕರರೆಂದೂ, ಚಿನ್ನದ ಕೆಲಸದವರು ಕ್ಯಾರೆಟ್ ಎಂದೂ, ಸ್ವಾತಂತ್ರ್ಯ ದಿನದ ಭಾಷಣ ಬಾಯಿಪಾಠ ಮಾಡುತ್ತಿರುವ ಶಾಲೆಯ ಹುಡುಗಿ ಅಶೋಕಚಕ್ರದ ಗೆರೆಗಳೆಂದೂ, ಉಳಿದವರು ದಿನದ ಗಂಟೆಗಳೆಂದೂ ಹೇಳಿಯಾರು. ಎಲ್ಲವನ್ನೂ ಗುರುತು ಹಾಕಿಕೊಂಡು, ಆಮೇಲೆ ಚೀಟಿಯ ‘24 = ಅ. ಗೆ.’ ಎಂಬುದರ ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಸಿಕ್ಕಿಬಿಡುತ್ತದೆ. ಅಕ್ಷರಗಳನ್ನು ಮೊದಲೇ ತೋರಿಸಿದ್ದರೆ ಎಲ್ಲರೂ ‘ಅ’ದಿಂದ ಶುರುವಾಗುವ ಪದಗಳನ್ನು ಹುಡುಕುತ್ತ ಕುಳಿತು ತಮ್ಮಲ್ಲಿದ್ದ ನೆನಪನ್ನು ಮರೆಯುತ್ತಿದ್ದರು. ನಿಮ್ಮ ತಪ್ಪು ಊಹೆಯನ್ನೂ ಅವರಿಗೆ ಹೇಳಬೇಡಿ. ಒಮ್ಮೆ ಕಿವಿಗೆ ಬಿದ್ದ ಊಹೆ ಕೇಳಿದವರ ತಲೆಯಲ್ಲಿಯೂ ಬೇರೂರಿಬಿಡುತ್ತದೆ.

ಒಮ್ಮೆ ನಾನು ‘60 = ಪಂ. ಸಂ.’ ಎಂಬಲ್ಲಿ ಎರಡು ದಿನ ಸಿಲುಕಿಕೊಂಡಿದ್ದೆ. ನಿಮಿಷ, ಸೆಕೆಂಡುಗಳನ್ನು ಬಿಟ್ಟು ತಲೆ ಬೇರೆಡೆಗೆ ಹರಿಯಲೊಲ್ಲದು. ಅಜ್ಜಿಯ ಮುಂದೆ ಬರಿಯ ಅರವತ್ತು ಎಂದದ್ದಕ್ಕೆ ಅವರು ‘ಷಷ್ಟ್ಯಬ್ದಿ’ ಎಂದರು. ಅದು ಒಗಟಿಗೆ ಹೊಂದಲಿಲ್ಲ. ‘ಅದು ಅಲ್ಲ ಅಜ್ಜಿ’ ಎಂದು ಎದ್ದು ಹೊರಟವನನ್ನು ಅವರೇ ತಡೆದು, ‘ಅರವತ್ತು ಸಂವತ್ಸರ ಒಂದು ಸುತ್ತು ಮುಗಿದರೇ ಅಲ್ಲವೇನೋ ಷಷ್ಟ್ಯಬ್ದಿ ಮಾಡುವುದು?’ ಎಂದರು. ಪಂಚಾಂಗದ ಸಂವತ್ಸರಗಳು. ಅಂದಿನಿಂದ ಯಾರಾದರೂ ಹೊಂದದ ಉತ್ತರ ಕೊಟ್ಟಾಗ ‘ಅಲ್ಲ’ ಎಂದು ಮುಗಿಸದೆ, ‘ಅದಕ್ಕೆ ಆ ಸಂಖ್ಯೆ ಏಕೆ ಬಂತು?’ ಎಂದು ಮತ್ತೊಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಯಾರನ್ನು ಕೇಳಬೇಕೆಂಬುದನ್ನು ಸಂಖ್ಯೆಯೇ ಸೂಚಿಸುವುದುಂಟು. 72 ಕಂಡರೆ ಕರ್ನಾಟಕ ಸಂಗೀತ ಕಲಿತವರ ಬಳಿ ಹೋಗಿ, ‘ಮೇ. ರಾ.’ ಎಂದರೆ ಮೇಳಕರ್ತ ರಾಗಗಳೆಂದು ಅವರು ತಡೆಯದೆ ಹೇಳುತ್ತಾರೆ. ಅಂಕಿಗೂ ಮೊದಲಕ್ಷರಕ್ಕೂ ಗಂಟು ಹಾಕುವುದು ಅವರಿಗೆ ಹೊಸತೂ ಅಲ್ಲ: ಪ್ರತಿ ವ್ಯಂಜನಕ್ಕೂ ಒಂದು ಅಂಕಿಯನ್ನು ಗೊತ್ತುಮಾಡುವ ಕಟಪಯಾದಿ ಪದ್ಧತಿಯಲ್ಲಿ ಮಾಯಾಮಾಳವಗೌಳ ರಾಗದ ಹೆಸರಿನ ಮೊದಲೆರಡು ಅಕ್ಷರಗಳಾದ ಮ ಮತ್ತು ಯ ಕ್ರಮವಾಗಿ 5 ಮತ್ತು 1 ಆಗಿ, ಹಿಂದುಮುಂದಾಗಿ ಓದಿದಾಗ 15 ಎಂಬ ಮೇಳದ ಸಂಖ್ಯೆ ದೊರೆಯುತ್ತದೆ. ‘102 = ಭಾ. ಷ. ಮಾ.’ ಎಂಬಂಥದ್ದನ್ನು ಕನ್ನಡ ಮೇಷ್ಟ್ರಿಗೆ ತೋರಿಸಬೇಕು. ಭಾಮಿನಿ ಷಟ್ಪದಿಯ ಮಾತ್ರೆಗಳು ಎಂದು ಅವರು ಹೇಳುವುದಷ್ಟೇ ಅಲ್ಲದೆ, ನಾಲ್ಕು ಸಾಲುಗಳಿಗೆ ತಲಾ 14, ಮೂರನೆಯ ಮತ್ತು ಆರನೆಯ ಸಾಲುಗಳಿಗೆ ತಲಾ 23 ಎಂದು ಕೂಡಿಸಿಯೂ ತೋರಿಸುತ್ತಾರೆ. ಹೀಗೆ ಲೆಕ್ಕ ಹಾಕಿ ಒಪ್ಪಿಸಬಹುದಾದ ಉತ್ತರ ಸಿಕ್ಕರೆ ಅದಕ್ಕಿಂತ ಭದ್ರವಾದದ್ದು ಬೇರೆ ಇಲ್ಲ.

ಊರಿನ ಮಾತು ಬೇರೆಯಾದಲ್ಲಿ ಒಗಟಿನ ಅಕ್ಷರವೂ ಬೇರೆಯಾಗುತ್ತದೆ. ‘14 = ಚೆ. ಗು.’ ಎಂಬುದು ಬಯಲುಸೀಮೆಯ ಓದುಗರನ್ನು ಕಂಗೆಡಿಸಬಹುದು, ಏಕೆಂದರೆ ಅವರಿಗೆ ಅದು ಅಳಗುಳಿಮಣೆ. ಕರಾವಳಿಯವರೊಬ್ಬರು ಜೊತೆಗಿದ್ದರೆ ಚೆನ್ನೆಮಣೆಯ ಗುಳಿಗಳೆಂದು ಕೂಡಲೇ ಹೇಳುತ್ತಾರೆ. ಸಂಗತಿ ಸರಿಯಿದ್ದು ಅಕ್ಷರ ಹೊಂದದಿದ್ದಾಗ ಸಮಾನಾರ್ಥಕ ಪದಗಳನ್ನೂ ಹೀಗೆಯೇ ಕೇಳಿ ಪಡೆಯಬೇಕು. ಕಾಮನಬಿಲ್ಲು ಇನ್ನೊಬ್ಬರ ಚೀಟಿಯಲ್ಲಿ ಮಳೆಬಿಲ್ಲಾಗಿಯೋ ಇಂದ್ರಧನುಸ್ಸಾಗಿಯೋ ಅಡಗಿರಬಹುದು.

ಉತ್ತರ ಬಲ್ಲವರು ಸಿಕ್ಕಾಗ ಅದನ್ನು ಪೂರ್ತಿ ಹೇಳದಂತೆ ಮೊದಲೇ ಕೇಳಿಕೊಳ್ಳಿ, ಇಲ್ಲವಾದರೆ ಆಟದ ಸೊಗಸೇ ಹೋಗುತ್ತದೆ. ಮೊದಲು ವಿಷಯ ಯಾವುದೆಂದು ಮಾತ್ರ ಕೇಳಬೇಕು: ಪುರಾಣವೋ, ಆಟವೋ, ಶರೀರವೋ, ಸರ್ಕಾರವೋ? ಅದರಿಂದಲೂ ಆಗದಿದ್ದರೆ ಕೊನೆಯ ಪದವನ್ನು, ಅಂದರೆ ಎಣಿಕೆಯ ವಸ್ತುವನ್ನು ಹೇಳಿಸಿಕೊಳ್ಳಬಹುದು. ನಾಲ್ಕಾರು ಜನ ಒಟ್ಟಿಗೆ ಕೂತಿದ್ದರೆ ಎಲ್ಲರೂ ಒಂದೆರಡು ನಿಮಿಷ ಮಾತನಾಡದೆ ತಂತಮ್ಮ ಕಾಗದದಲ್ಲಿ ಬರೆದು ಆಮೇಲೆ ತೋರಿಸುವುದು ಒಳ್ಳೆಯದು. ಹಾಗಿಲ್ಲದಿದ್ದರೆ ಗಟ್ಟಿ ದನಿಯವರ ಊಹೆಯೇ ಎಲ್ಲರ ಉತ್ತರವಾಗುವುದನ್ನು ನಾನು ಮದುವೆ ಮನೆಯ ಜಗಲಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಎಲ್ಲರೂ ಒಪ್ಪಿದರೆಂಬ ಕಾರಣಕ್ಕೇ ಉತ್ತರ ಸರಿಯಾಗಬೇಕಿಲ್ಲ. 18ರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು, ಏಕೆಂದರೆ ಮಹಾಭಾರತದ ಪರ್ವಗಳು, ಕುರುಕ್ಷೇತ್ರ ಯುದ್ಧದ ದಿನಗಳು, ಅಲ್ಲಿ ಸೇರಿದ ಅಕ್ಷೌಹಿಣಿಗಳು, ಭಗವದ್ಗೀತೆಯ ಅಧ್ಯಾಯಗಳು, ಶಬರಿಮಲೆಯ ಮೆಟ್ಟಿಲುಗಳು ಎಲ್ಲವೂ ಹದಿನೆಂಟೇ. ಪ್ರತಿಯೊಂದು ಅಕ್ಷರವೂ ಕೂಡಿಬರುವವರೆಗೆ ಹತ್ತಿರದ ಉತ್ತರಕ್ಕೆ ಮರುಳಾಗಬಾರದು. ಎರಡು ಉತ್ತರಗಳು ನಿಜವಾಗಿಯೂ ಹೊಂದಿದರೆ ಎರಡನ್ನೂ ಬರೆದುಕೊಳ್ಳಿ. ಆ ಕೊರತೆ ಒಗಟಿನದು, ನಿಮ್ಮದಲ್ಲ.

ಕಾಲಕ್ಕೆ ತಕ್ಕಂತೆ ಬದಲಾಗುವ ಸಂಖ್ಯೆಗಳು ಇನ್ನೊಂದು ತೊಡಕು. ‘30 = ಕ. ಜಿ.’ ಎಂದು ಚೀಟಿಯಲ್ಲಿದ್ದು, ಜೊತೆಗಿರುವ ಕಾಲೇಜು ವಿದ್ಯಾರ್ಥಿ ಕರ್ನಾಟಕದ ಜಿಲ್ಲೆಗಳು 31 ಎಂದು ಹಟ ಹಿಡಿದರೆ ಇಬ್ಬರೂ ಸರಿಯೇ: 1997ರಲ್ಲಿ 27ಕ್ಕೆ ಏರಿದ್ದ ಜಿಲ್ಲೆಗಳು 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರಗಳಿಂದ 29 ಆಗಿ, ಯಾದಗಿರಿಯಿಂದ 30 ಆಗಿ, 2021ರಲ್ಲಿ ವಿಜಯನಗರದಿಂದ 31 ಆದವು. ‘9 = ಸೌ. ಗ್ರ.’ ಎಂಬುದು ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ಕೈಬಿಟ್ಟ 2006ಕ್ಕಿಂತ ಹಿಂದಿನದು. ಕನ್ನಡಕ್ಕೆ ಬಂದ ಜ್ಞಾನಪೀಠಗಳು ಏಳು ಎಂದಿದ್ದರೆ ಆ ಒಗಟು ಚಂದ್ರಶೇಖರ ಕಂಬಾರರಿಗೆ ಎಂಟನೆಯದು ಬರುವುದಕ್ಕೆ ಮುಂಚಿನದು. ಆದುದರಿಂದ ಹಳೆಯ ಪಟ್ಟಿ ಕೈಗೆ ಬಂದಾಗ ಅದು ಯಾವ ವರ್ಷದ್ದೆಂದು ಕೊಟ್ಟವರನ್ನು ಮೊದಲೇ ಕೇಳಿಡಿ. ಅವರಿಗೂ ಗೊತ್ತಿಲ್ಲವೆಂದಾದರೆ ಪಟ್ಟಿಯಲ್ಲಿ ಇಂಥ ಒಂದು ಸಂಖ್ಯೆಯನ್ನು ಬಿಡಿಸಿಕೊಂಡು, ಅದರಿಂದಲೇ ವರ್ಷವನ್ನು ಊಹಿಸಿ, ಉಳಿದವುಗಳಿಗೆ ಕೈ ಹಾಕಬಹುದು.