ಬೆಟ್ಟಿಂಗ್ ಚಟ ಬಿಡಿಸುವ ಕೌನ್ಸೆಲರ್ ಆಗುವುದು ಹೇಗೆ?

ದಾವಣಗೆರೆಯ ನನ್ನ ಕೊಠಡಿಗೆ ಒಬ್ಬ ತಾಯಿ ಮಗನನ್ನು ಕರೆತಂದಿದ್ದರು. ಅವರ ಕೈಯಲ್ಲಿ ಸರ ಅಡವಿಟ್ಟ ಚೀಟಿ. ಮಗ ಫೋನನ್ನು ಬೋರಲು ಹಾಕಿ, ಕೈಯನ್ನು ಅದರ ಮೇಲೇ ಇಟ್ಟುಕೊಂಡು ಕೂತಿದ್ದ. ‘ಇದೊಂದು ಸಲ ಸಾಲ ತೀರಿಸ್ತೀನಿ, ಸರಿ ಹೋಗ್ತಾನೆ ಅಲ್ವಾ?’ ಎಂದು ಕೇಳಿದರು.

ಜೂಜಿನ ಚಟ ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 ಕೈಪಿಡಿಯಲ್ಲಿ 9 ಲಕ್ಷಣಗಳಿವೆ. ಒಂದು ವರ್ಷದಲ್ಲಿ ಕನಿಷ್ಠ 4 ಕಂಡರೆ ಚಟ ಎನ್ನುತ್ತಾರೆ. ಕಳೆದ ದುಡ್ಡನ್ನು ವಾಪಸ್ ಗೆಲ್ಲಲು ಮತ್ತೆ ಆಡುವುದು ಒಂದು. ಸಾಲ ತೀರಿಸಲು ಮನೆಯವರಿಗೆ ಜೋತು ಬೀಳುವುದು ಇನ್ನೊಂದು. ಅಂದರೆ ಆ ತಾಯಿ ಹೇಳಿದ ಪರಿಹಾರವೇ ಕಾಯಿಲೆಯ ಒಂದು ಗುರುತು. ಇದನ್ನು ಕಾಣಲು ಬೇರೆಯೇ ತರಬೇತಿ ಬೇಕು.

ಮೊದಲು ಬುನಾದಿ. ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿಕೊಳ್ಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕೇ ಬೇಕು. ಯಾವ ವಿದೇಶಿ ಸರ್ಟಿಫಿಕೇಟೂ ಅದರ ಜಾಗ ತುಂಬುವುದಿಲ್ಲ.

ಆಮೇಲೆ ವಿಶೇಷ ಪ್ರಮಾಣಪತ್ರ. ಅಮೆರಿಕದ ಇಂಟರ್‌ನ್ಯಾಷನಲ್ ಗ್ಯಾಂಬ್ಲಿಂಗ್ ಕೌನ್ಸೆಲರ್ ಸರ್ಟಿಫಿಕೇಷನ್ ಬೋರ್ಡ್ ಇದನ್ನು ಕೊಡುತ್ತದೆ. ಮೊದಲ ಹಂತ ಐಸಿಜಿಸಿ-1. ಜೂಜಿನ ಚಟದ ಬಗ್ಗೆಯೇ 30 ಗಂಟೆ ತರಬೇತಿ, ಜೂಜುಗಾರರು ಅಥವಾ ಅವರ ಮನೆಯವರ ಜೊತೆ 100 ಗಂಟೆ ಕೆಲಸ, ಮಂಡಳಿ ಒಪ್ಪಿದ ಹಿರಿಯರೊಬ್ಬರ ಜೊತೆ 4 ಗಂಟೆ ಸಮಾಲೋಚನೆ, ಕೊನೆಗೆ ಪರೀಕ್ಷೆ. ಎರಡನೇ ಹಂತಕ್ಕೆ ಕೆಲಸದ ಗಂಟೆಗಳು 2,000ಕ್ಕೆ ಏರುತ್ತವೆ. ಅರ್ಜಿ ಹಾಕುವ ಮೊದಲು ಆಗಿನ ನಿಯಮ, ಶುಲ್ಕ ಎರಡನ್ನೂ ನೋಡಿಕೊಳ್ಳಿ.

ನಮ್ಮ ಕಡೆಯವರಿಗೆ ಕಷ್ಟ ಆಗುವುದು ಆ 100 ಗಂಟೆಯೇ. ‘ನನಗೆ ಇಸ್ಪೀಟಿನ ಚಟ’ ಎಂದು ಯಾರೂ ಬಾಗಿಲು ತಟ್ಟುವುದಿಲ್ಲ. ನಿದ್ದೆ ಇಲ್ಲ, ಹೊಟ್ಟೆ ಉರಿ, ಗಂಡ ಹೆಂಡತಿ ಜಗಳ ಎಂದು ಬರುತ್ತಾರೆ. ಐಪಿಎಲ್ ಬೆಟ್ಟಿಂಗ್, ಓಸಿ ಮಟ್ಕಾ, ರಮ್ಮಿ ಮಾತು ಬರುವುದು ಮೂರನೇ ಭೇಟಿಗೋ ನಾಲ್ಕನೆಯದಕ್ಕೋ. 2025ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿದ ಮೇಲೆ ಹೆದರಿಕೆಯೂ ಸೇರಿದೆ. ಹಾಗಾಗಿ ಸುಮ್ನೆ ಕ್ಲಿನಿಕ್ ತೆರೆದು ಕಾಯಬೇಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಅವರ ಕೈಕೆಳಗೆ ಕೆಲಸ ಕೇಳಿ. ಹರಿಹರ, ಚನ್ನಗಿರಿ, ಹಿರಿಯೂರು, ಎಲ್ಲಾದರೂ ಸರಿ.

ಗೇಮಿಂಗ್ ಚಟದ ಓದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಜೂಜಿನ ಚಟ, ಗೇಮಿಂಗ್ ಚಟ ಎರಡೂ ಅಕ್ಕಪಕ್ಕ ಇವೆ, ಆದರೆ ಒಂದೇ ಅಲ್ಲ. ಆಟದಲ್ಲೇ ಮುಳುಗಿ ಊಟ ಬಿಟ್ಟ ಹುಡುಗನಿಗೆ ಸಾಲ ಇರಲೇಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್ 2014ರಿಂದ ಇಂಥವರನ್ನು ನೋಡುತ್ತಿದೆ. ಕಲಿಯಲು ಅವಕಾಶ ಸಿಕ್ಕರೆ ಬಿಡಬೇಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಚಟದಲ್ಲಿ ಆತ್ಮಹತ್ಯೆಯ ಅಪಾಯ ಜಾಸ್ತಿ. ಮೊದಲ ಭೇಟಿಯಲ್ಲೇ ‘ಸಾಯಬೇಕು ಅನ್ನಿಸಿದೆಯಾ?’ ಎಂದು ನೇರವಾಗಿ ಕೇಳಲು ಕಲಿಯಿರಿ. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ. ಬರೆದುಕೊಟ್ಟು ಕಳಿಸಿ.

ಅವತ್ತು ಆ ಹುಡುಗನಿಗೂ ಅದನ್ನೇ ಕೇಳಿದೆ. ಅವನು ಫೋನಿನ ಮೇಲಿಂದ ಕೈ ತೆಗೆದು ಅಮ್ಮನ ಕಡೆ ನೋಡಿದ. ‘ಅಮ್ಮ ಹೊರಗೆ ಕೂರಲಿ, ಹೇಳ್ತೀನಿ’ ಎಂದ.